ಒಂದೇ ಹೆಸರಿನ ಎರಡು ಕೊಡ

ಕಳೆದ ಮಳೆಗಾಲದ ಒಂದು ರಾತ್ರಿ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡು ಪುಟ್ಟ ಪ್ರೋಗ್ರಾಂ ಬರೆದೆ. ಮೊದಲನೆಯದು ಮೆಮೊರಿಯಲ್ಲಿ ಒಂದಿಷ್ಟು ಜಾಗ ಕೇಳಿ ಪಡೆದು, ಅದಕ್ಕೊಂದು ಹೆಸರಿಟ್ಟು, ಅದರೊಳಗೆ ಒಂದು ಸಾಲು ಬರೆದಿಡಬೇಕು. ಎರಡನೆಯದು ಅದೇ ಹೆಸರು ಹಿಡಿದು ಹೋಗಿ ಆ ಸಾಲನ್ನು ಓದಬೇಕು. ಹೆಸರು ಕನ್ನಡದಲ್ಲೇ ಇರಲಿ ಅನ್ನಿಸಿ ‘ಕೊಡ’ ಎಂದಿಟ್ಟೆ. ಒಬ್ಬರು ತುಂಬಿಟ್ಟರೆ ಇನ್ನೊಬ್ಬರು ಬಗ್ಗಿಸಿಕೊಳ್ಳುವ ಪಾತ್ರೆ ತಾನೆ. ಮೊದಲ ಪ್ರೋಗ್ರಾಂ ತನ್ನ ಸಾಲನ್ನು ಬರೆಯಿತು. ಎರಡನೆಯದಕ್ಕೆ ಸಿಕ್ಕಿದ್ದು ಬರೀ ಸೊನ್ನೆಗಳು.

ಹೆಸರು ಬರೆಯುವಾಗ ಕೈತಪ್ಪಿರಬೇಕೆಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ‘ಕೊಡ’ ಎಂದೇ ಇತ್ತು. ಇಂಥ ಮೆಮೊರಿ ತುಣುಕುಗಳೆಲ್ಲ ಲಿನಕ್ಸ್‌ನಲ್ಲಿ ಒಂದೇ ಡೈರೆಕ್ಟರಿಯೊಳಗೆ ಕಾಣಿಸಿಕೊಳ್ಳುತ್ತವೆ. ಅದರ ಪಟ್ಟಿ ತೆಗೆದರೆ ಒಂದರ ಕೆಳಗೊಂದು ಎರಡು ‘ಕೊಡ’ ಕೂತಿದ್ದವು. ಒಂದೇ ಡೈರೆಕ್ಟರಿಯಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲಾರದು ಎಂಬುದು ಯುನಿಕ್ಸ್ ಕಲಿಯುವವರಿಗೆ ಮೊದಲ ವಾರದಲ್ಲೇ ತಿಳಿಯುವ ಸಂಗತಿ. ಆ ಒಗಟು ಬಿಡಿಸಲು ಕೂತವನು ಐವತ್ತು ವರ್ಷ ಹಿಂದಿನ ತೀರ್ಮಾನಗಳವರೆಗೆ ಹೋಗಬೇಕಾಯಿತು. ಮೆಮೊರಿಗೆ ಹೆಸರಿಡುವುದು ಎಷ್ಟು ತೊಡಕಿನ ಕೆಲಸ, ಅದರ ಮೇಲೆ ಎಷ್ಟು ಜನ ಎಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದಾರೆ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಆಗಲೇ.

ಓಡುತ್ತಿರುವ ಪ್ರೋಗ್ರಾಮನ್ನು ಪ್ರೋಸೆಸ್ ಎನ್ನುತ್ತಾರೆ. ಪ್ರತಿ ಪ್ರೋಸೆಸ್‌ಗೂ ಇಡೀ ಮೆಮೊರಿ ತನ್ನದೊಂದರದೇ ಎನ್ನುವಂತೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನೆಲ್ ತೋರಿಸುತ್ತದೆ. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದೇ ಇಲ್ಲ. ನಡುವೆ ಈ ಗೋಡೆ ಇರುವುದರಿಂದಲೇ ಬ್ರೌಸರಿನ ಒಂದು ಟ್ಯಾಬ್ ಕುಸಿದು ಬಿದ್ದರೂ ಪಕ್ಕದ ಟ್ಯಾಬಿನಲ್ಲಿ ಅರ್ಧ ಬರೆದ ಪತ್ರ ಉಳಿದಿರುತ್ತದೆ. ಆದರೆ ಗೋಡೆಯ ಆಚೀಚೆಯವರು ಮಾತಾಡಲೇಬೇಕಾದ ಹೊತ್ತು ಬರುತ್ತದೆ. ಸಾಮಾನ್ಯ ದಾರಿ ಎಂದರೆ ಕಳಿಸುವವರು ಕರ್ನೆಲ್ ಕೈಗೆ ಕೊಡುವುದು, ಕರ್ನೆಲ್ ಅದನ್ನು ಪಡೆಯುವವರಿಗೆ ದಾಟಿಸುವುದು. ಅಂದರೆ ಒಂದೇ ಸಂಗತಿಯನ್ನು ಎರಡು ಸಲ ನಕಲು ಮಾಡಬೇಕು. ನಾಲ್ಕು ಸಾಲಿನ ಮಾತಿಗೆ ಇದು ಭಾರವಲ್ಲ. ವಿಡಿಯೊ ವಿಷಯಕ್ಕೆ ಬನ್ನಿ. ಉದ್ದ 1920, ಎತ್ತರ 1080 ಚುಕ್ಕಿಗಳ ಒಂದು ಚಿತ್ರಕ್ಕೆ, ಚುಕ್ಕಿಗೆ 4 ಬೈಟಿನಂತೆ, ಸುಮಾರು 83 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 60 ಚಿತ್ರ ಎಂದರೆ 50 ಕೋಟಿ ಬೈಟಿನ ಹತ್ತಿರ. ಅಷ್ಟನ್ನೂ ಎರಡೆರಡು ಸಲ ಹೊತ್ತು ಹಾಕುವುದು ವ್ಯರ್ಥ ದುಡಿಮೆ.

ಶೇರ್ಡ್ ಮೆಮೊರಿ ಹುಟ್ಟಿದ್ದು ಈ ಹೊರೆ ಇಳಿಸಲೆಂದು. ನಿಜವಾದ ಮೆಮೊರಿಯ ಒಂದೇ ತುಂಡನ್ನು ಕರ್ನೆಲ್ ಎರಡೂ ಪ್ರೋಸೆಸ್‌ಗಳ ಲೆಕ್ಕದಲ್ಲಿ ಬರೆದುಬಿಡುತ್ತದೆ. ಒಂದು ಬರೆದದ್ದು ಇನ್ನೊಂದಕ್ಕೆ ಆ ಕ್ಷಣವೇ ಕಾಣುತ್ತದೆ. ಹೊರುವ ಕೆಲಸವೇ ಇಲ್ಲ. ಇಬ್ಬರೂ ಒಟ್ಟಿಗೆ ಕೈಹಾಕಿ ಕಲಸುಮೇಲೋಗರ ಮಾಡಿಕೊಳ್ಳದಂತೆ ಸರದಿ ಏರ್ಪಡಿಸಬೇಕಾಗುತ್ತದೆ. ಅದು ಇನ್ನೊಂದು ಲೇಖನದ ಮಾತು. ಅದಕ್ಕೂ ಮೊದಲಿನ ಪ್ರಶ್ನೆ ಒಂದಿದೆ. ಆ ತುಂಡು ಎಲ್ಲಿದೆ ಎಂದು ಎರಡನೆಯವರಿಗೆ ತಿಳಿಯುವುದು ಹೇಗೆ?

ತಾಯಿ ಪ್ರೋಸೆಸ್ ತನ್ನ ಮಕ್ಕಳನ್ನು ಹುಟ್ಟಿಸುವ ಮೊದಲೇ ಆ ತುಂಡನ್ನು ಪಡೆದಿದ್ದರೆ ಮಕ್ಕಳಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ, ಹೆಸರು ಬೇಕಿಲ್ಲ. ಹೆಸರು ಬೇಕಾಗುವುದು ಮೊದಲು ಪರಿಚಯವಿಲ್ಲದವರಿಗೆ: ಬೇರೆ ಬೇರೆ ಹೊತ್ತಿಗೆ ಶುರುವಾದ, ಬೇರೆ ಬೇರೆ ಜನ ಬರೆದ ಎರಡು ಪ್ರೋಗ್ರಾಮುಗಳಿಗೆ. ಮುಂದಿನ ಕತೆಯೆಲ್ಲ ಈ ಅಪರಿಚಿತರದು.

ಹೆಸರು ಬೇರೆ, ವಸ್ತು ಬೇರೆ

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸ್ ಬರೆಯಲು ಶುರುಮಾಡಿದರು. ಡೆನಿಸ್ ರಿಚಿ ಜೊತೆಗೂಡಿದರು. ಅವರು ಮಾಡಿದ ಒಳ್ಳೆಯ ತೀರ್ಮಾನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಫೈಲನ್ನೂ ಅದರ ಹೆಸರನ್ನೂ ಬೇರೆ ಮಾಡಿದ್ದು. ಯುನಿಕ್ಸ್‌ನಲ್ಲಿ ಫೈಲ್ ಎಂದರೆ ಐನೋಡ್ ಎಂಬ ಒಂದು ದಾಖಲೆ, ಅದಕ್ಕೊಂದು ಸಂಖ್ಯೆ. ಫೈಲಿನೊಳಗೆ ಅದರ ಹೆಸರು ಎಲ್ಲೂ ಇರುವುದಿಲ್ಲ. ಹೆಸರು ಇರುವುದು ಡೈರೆಕ್ಟರಿಯಲ್ಲಿ. ಹಳೆಯ ಯುನಿಕ್ಸ್‌ನ ಡೈರೆಕ್ಟರಿ ಎಂದರೆ 16 ಬೈಟಿನ ಸಾಲುಗಳ ಒಂದು ಪಟ್ಟಿ: 2 ಬೈಟಿನಲ್ಲಿ ಐನೋಡ್ ಸಂಖ್ಯೆ, ಉಳಿದ 14 ಬೈಟಿನಲ್ಲಿ ಹೆಸರು. ಅಷ್ಟೇ. ಈ 14 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ.

ಇದರಿಂದ ಒಂದು ಫೈಲಿಗೆ ಎರಡು ಮೂರು ಹೆಸರು ಇರಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ, ಒಂದು ಪ್ರೋಗ್ರಾಂ ಫೈಲನ್ನು ತೆರೆದಿಟ್ಟುಕೊಂಡಿರುವಾಗ ಅದರ ಹೆಸರನ್ನು ಅಳಿಸಿದರೂ ಫೈಲ್ ಸಾಯುವುದಿಲ್ಲ. ಪಟ್ಟಿಯಿಂದ ಹೆಸರು ಹೋಗುತ್ತದೆ, ಹೊಸಬರಿಗೆ ದಾರಿ ಮುಚ್ಚುತ್ತದೆ. ಒಳಗಿದ್ದವರು ತಮ್ಮ ಕೆಲಸ ಮುಗಿಸಿ ಕೊನೆಯವರು ಎದ್ದುಹೋದ ಮೇಲೆ ಫೈಲ್ ತಾನಾಗಿ ಮಾಯವಾಗುತ್ತದೆ. ಬಾಗಿಲಿನ ಫಲಕ ಬೇರೆ, ಮನೆ ಬೇರೆ ಎಂಬ ಈ ವಿವೇಕವನ್ನು ಮೆಮೊರಿಗೂ ತಂದಿದ್ದರೆ ಮುಂದಿನ ಎಷ್ಟೋ ತೊಂದರೆ ತಪ್ಪುತ್ತಿತ್ತು. ಹಾಗಾಗಲಿಲ್ಲ.

ಬೆಲ್ ಲ್ಯಾಬ್ಸ್‌ಗೆ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲೂ ಒಂದು ಶಾಖೆ ಇತ್ತು. ದೂರವಾಣಿ ವ್ಯವಸ್ಥೆಯ ಡೇಟಾಬೇಸ್ ಕೆಲಸಗಳಿಗೆ ಪ್ರೋಸೆಸ್‌ಗಳ ನಡುವೆ ವೇಗದ ಮಾತುಕತೆ ಬೇಕಾಗಿ, ಅಲ್ಲಿನವರು 1970ರ ದಶಕದಲ್ಲಿ ತಮ್ಮದೇ ಯುನಿಕ್ಸ್‌ಗೆ ಕೆಲವು ಸೌಲಭ್ಯ ಸೇರಿಸಿಕೊಂಡರು. ಅವುಗಳಲ್ಲಿ ಶೇರ್ಡ್ ಮೆಮೊರಿಯೂ ಒಂದು. 1983ರಲ್ಲಿ ಬೆಲ್ ಲ್ಯಾಬ್ಸ್‌ನ ಒಡೆಯ ಕಂಪನಿಯಾದ ಎಟಿ ಅಂಡ್ ಟಿ ಬಿಡುಗಡೆ ಮಾಡಿದ ಯುನಿಕ್ಸ್ ಆವೃತ್ತಿ ಸಿಸ್ಟಂ ಫೈವ್‌ನೊಂದಿಗೆ ಅದು ಲೋಕಕ್ಕೆಲ್ಲ ಬಂತು. ಅಲ್ಲಿ ಮೆಮೊರಿ ತುಣುಕಿಗೆ ಹೆಸರಿಲ್ಲ. ಕೀ ಎಂಬ ಒಂದು ಸಂಖ್ಯೆ ಇದೆ. ಇಬ್ಬರೂ ಒಂದೇ ಕೀ ಹೇಳಿದರೆ ಒಂದೇ ತುಣುಕು ಸಿಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಒಂದು ಹೊಲಕ್ಕೆ ಎರಡು ಗುರುತು. ಊರವರ ಬಾಯಲ್ಲಿ ಅದು ಹುಣಸೆಮರದ ಹೊಲ. ಪಹಣಿಯಲ್ಲಿ ಅದಕ್ಕೊಂದು ಸರ್ವೆ ನಂಬರ್. ಸಿಸ್ಟಂ ಫೈವ್ ಕೊಟ್ಟದ್ದು ಎರಡನೆಯದನ್ನು ಮಾತ್ರ, ಅದೂ ಗ್ರಾಮನಕ್ಷೆ ಇಲ್ಲದ ಸರ್ವೆ ನಂಬರನ್ನು. ಯಾವ ಪ್ರೋಗ್ರಾಂ ಯಾವ ಸಂಖ್ಯೆ ಹಿಡಿಯಬೇಕು, ಇಬ್ಬರು ಅರಿಯದೆ ಒಂದೇ ಸಂಖ್ಯೆ ಹಿಡಿದರೆ ಯಾರು ಬಿಡಬೇಕು ಎಂದು ಹೇಳುವವರಿಲ್ಲ.

ಈ ಕೊರತೆ ತುಂಬಲು ಎಫ್‌ಟಾಕ್ ಎಂಬ ಒಂದು ಸಹಾಯಕ ಬಂತು. ಯಾವುದಾದರೂ ಇರುವ ಫೈಲಿನ ಹೆಸರು ಹೇಳಿದರೆ ಅದು ಒಂದು ಕೀ ಮಾಡಿಕೊಡುತ್ತದೆ. ಕೀ 32 ಬಿಟ್ಟಿನದು. ಲಿನಕ್ಸ್‌ನಲ್ಲಿ ಫೈಲಿನ ಐನೋಡ್ ಸಂಖ್ಯೆಯ ಕೊನೆಯ 16 ಬಿಟ್, ಅದು ಇರುವ ಡಿಸ್ಕಿನ ಗುರುತಿನ ಕೊನೆಯ 8 ಬಿಟ್, ನಾವು ಹೇಳುವ ಒಂದು ಗುರುತಿನ 8 ಬಿಟ್, ಮೂರನ್ನೂ ಜೋಡಿಸಿ 32 ಮಾಡುತ್ತದೆ. ಐನೋಡ್ ಸಂಖ್ಯೆಯ ತುದಿಯನ್ನಷ್ಟೇ ಕತ್ತರಿಸಿ ತೆಗೆದುಕೊಳ್ಳುವುದರಿಂದ, ಒಂದೇ ಡಿಸ್ಕಿನ 100ನೇ ಐನೋಡಿಗೂ 65,636ನೇ ಐನೋಡಿಗೂ ಬರುವುದು ಒಂದೇ ಕೀ. ಸಂಬಂಧವೇ ಇಲ್ಲದ ಎರಡು ಪ್ರೋಗ್ರಾಂ ಒಂದೇ ಮೆಮೊರಿಗೆ ಬಂದು ಕೂರಬಹುದು.

ಇದರ ತಿರುಗಾಮುರುಗಾ ಪೆಟ್ಟನ್ನು ನಾನೇ ತಿಂದಿದ್ದೇನೆ. ಬಹಳ ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಚೇರಿಯಲ್ಲಿ ನಾವು ನೋಡಿಕೊಳ್ಳುತ್ತಿದ್ದ ಎರಡು ಪ್ರೋಗ್ರಾಂಗಳು ಒಂದು ಸೆಟ್ಟಿಂಗ್ಸ್ ಫೈಲಿನಿಂದ ತಮ್ಮ ಕೀ ಲೆಕ್ಕ ಹಾಕಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಆ ಫೈಲನ್ನು ಎಡಿಟರಿನಲ್ಲಿ ತೆರೆದು, ಒಂದು ಅಂಕಿ ಬದಲಿಸಿ, ಉಳಿಸಿದೆ. ಆಮೇಲೆ ಎರಡರಲ್ಲಿ ಒಂದನ್ನು ಮಾತ್ರ ನಿಲ್ಲಿಸಿ ಮತ್ತೆ ಶುರುಮಾಡಿದೆ. ಅಲ್ಲಿಂದ ಎರಡೂ ಒಂದಕ್ಕೊಂದು ಸಿಗದಾದವು. ಅನೇಕ ಎಡಿಟರುಗಳು ಉಳಿಸುವಾಗ ಹಳೆಯ ಫೈಲಿನ ಮೇಲೆ ಬರೆಯುವುದಿಲ್ಲ. ಹೊಸ ಫೈಲ್ ಬರೆದು ಹಳೆಯದರ ಹೆಸರನ್ನು ಅದಕ್ಕೆ ಕೊಡುತ್ತವೆ. ಹೆಸರು ಅದೇ, ಐನೋಡ್ ಬೇರೆ. ಹಾಗಾಗಿ ಕೀ ಬೇರೆ. ಹೆಸರಿನಿಂದ ಹುಡುಕುತ್ತಿದ್ದೇವೆ ಎಂದು ನಾವು ನಂಬಿದ್ದೆವು. ಪ್ರೋಗ್ರಾಂ ಹುಡುಕುತ್ತಿದ್ದುದು ಹೆಸರಿನ ಹಿಂದಿದ್ದ ಸಂಖ್ಯೆಯ ತುದಿಯನ್ನು. ಇದನ್ನು ಕಂಡುಹಿಡಿಯುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು.

ಇನ್ನೊಂದು ತೊಂದರೆ ಇದಕ್ಕಿಂತ ಸಾಮಾನ್ಯ. ಸಿಸ್ಟಂ ಫೈವ್ ತುಣುಕನ್ನು ಮಾಡಿದ ಪ್ರೋಗ್ರಾಂ ಸತ್ತರೂ ತುಣುಕು ಸಾಯುವುದಿಲ್ಲ. ಯಾರಾದರೂ ಹೇಳಿ ಅಳಿಸಬೇಕು, ಇಲ್ಲವೇ ಯಂತ್ರವನ್ನೇ ಆರಿಸಿ ಹಚ್ಚಬೇಕು. ಇದು ಫೈಲುಗಳ ಲೋಕದಿಂದ ಹೊರಗೇ ಉಳಿದದ್ದರಿಂದ, ಡೈರೆಕ್ಟರಿ ಪಟ್ಟಿ ತೋರಿಸುವ ಮಾಮೂಲು ಆಜ್ಞೆಗೆ ಕಾಣುವುದಿಲ್ಲ, ಅಳಿಸುವ ಮಾಮೂಲು ಆಜ್ಞೆಗೆ ಬಗ್ಗುವುದಿಲ್ಲ. ನೋಡಲು ಐಪಿಸಿಎಸ್, ತೆಗೆಯಲು ಐಪಿಸಿಆರ್‌ಎಂ ಎಂಬ ಪ್ರತ್ಯೇಕ ಆಜ್ಞೆಗಳು ಬೇಕು. ವಾರಸುದಾರರಿಲ್ಲದ ಇಂಥ ತುಣುಕುಗಳನ್ನು ಒಂದೊಂದಾಗಿ ತೆಗೆದವರು ನಮ್ಮ ವೃತ್ತಿಯಲ್ಲಿ ಲೆಕ್ಕವಿಲ್ಲದಷ್ಟು ಜನ.

ಲಿನಕ್ಸ್ ಕರ್ನೆಲ್‌ನ ಒಳಹೊಕ್ಕು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಅಲ್ಲಿ ಸಿಸ್ಟಂ ಫೈವ್ ತುಣುಕು ಎಂದರೆ ಮೆಮೊರಿಯಲ್ಲೇ ಇರುವ ಒಂದು ಫೈಲ್. ಸಿಸ್‌ವಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರದ ಮುಂದೆ ಕೀ ಸಂಖ್ಯೆ ಅಂಟಿಸಿ ಕರ್ನೆಲ್ ಅದಕ್ಕೆ ತಾನೇ ಒಂದು ಹೆಸರು ಕೊಟ್ಟುಕೊಂಡಿರುತ್ತದೆ. ಪ್ರೋಸೆಸ್‌ನ ಮೆಮೊರಿ ನಕ್ಷೆಯಲ್ಲಿ ಆ ಹೆಸರು ಕಾಣುತ್ತದೆ. ಹೊರಗಿನವರಿಗೆ ಸಂಖ್ಯೆ ಕೊಟ್ಟ ವ್ಯವಸ್ಥೆಗೂ ತನ್ನ ಮನೆಯೊಳಗೆ ಹೆಸರಿಲ್ಲದೆ ಸಾಗಲಿಲ್ಲ.

ಆದರೂ ಈ ಹಳೆಯ ಪದ್ಧತಿಯನ್ನು ಪೂರ್ತಿ ತೆಗೆದುಹಾಕಲು ನನಗೆ ಮನಸ್ಸಿಲ್ಲ. ಕಾರಣ ಪೋಸ್ಟ್‌ಗ್ರೆಸ್ ಡೇಟಾಬೇಸ್. 2013ರಲ್ಲಿ ಬಂದ ಅದರ 9.3 ಆವೃತ್ತಿ ತನ್ನ ದೊಡ್ಡ ಶೇರ್ಡ್ ಮೆಮೊರಿಯನ್ನು ಹೆಸರೂ ಕೀಯೂ ಬೇಡದ ಬಗೆಗೆ ಬದಲಿಸಿಕೊಂಡಿತು. ಆದರೆ ಒಂದು ಚಿಕ್ಕ ಸಿಸ್ಟಂ ಫೈವ್ ತುಣುಕನ್ನು ಬೇಕೆಂದೇ ಉಳಿಸಿಕೊಂಡಿತು. ಆ ತುಣುಕಿಗೆ ಈಗ ಎಷ್ಟು ಪ್ರೋಸೆಸ್ ಅಂಟಿಕೊಂಡಿವೆ ಎಂಬ ಲೆಕ್ಕವನ್ನು ಕರ್ನೆಲ್ ಇಡುತ್ತದೆ, ಕೇಳಿದರೆ ಹೇಳುತ್ತದೆ. ಸರ್ವರ್‌ನ ಮುಖ್ಯ ಪ್ರೋಸೆಸ್ ಸತ್ತು ಅದರ ಮಕ್ಕಳು ಇನ್ನೂ ಓಡುತ್ತಿರುವಾಗ ಯಾರಾದರೂ ಹೊಸ ಸರ್ವರ್ ಶುರುಮಾಡಿದರೆ, ಇಬ್ಬರೂ ಒಂದೇ ದತ್ತಾಂಶದ ಮೇಲೆ ಬರೆದು ಎಲ್ಲವನ್ನೂ ಹಾಳುಮಾಡುತ್ತಾರೆ. ಹೊಸ ಸರ್ವರ್ ಹಳೆಯ ತುಣುಕನ್ನು ನೋಡಿ, ಅಂಟಿಕೊಂಡವರ ಲೆಕ್ಕ ಸೊನ್ನೆಯಲ್ಲದಿದ್ದರೆ ಹಿಂದೆ ಸರಿಯುತ್ತದೆ. ಪೋಸ್ಟ್‌ಗ್ರೆಸ್ ಇದಕ್ಕೆ ಕೀ ಆರಿಸುತ್ತಿದ್ದ ಬಗೆಯೂ ಸರಳ: ತನ್ನ ಪೋರ್ಟ್ ಸಂಖ್ಯೆಯನ್ನು ಸಾವಿರದಿಂದ ಗುಣಿಸಿ ಒಂದು ಕೂಡುವುದು. ಮಾಮೂಲು ಪೋರ್ಟ್ 5432, ಹಾಗಾಗಿ ಕೀ 5432001. ಆ ಸಂಖ್ಯೆಯನ್ನು ಐಪಿಸಿಎಸ್ ಪಟ್ಟಿಯಲ್ಲಿ ಕಂಡರೆ ಸಾಕು, ಹಳಬರು ಪೋಸ್ಟ್‌ಗ್ರೆಸ್ ಎಂದು ಗುರುತು ಹಿಡಿಯುತ್ತಿದ್ದರು. 13ನೇ ಆವೃತ್ತಿಯಿಂದ ದತ್ತಾಂಶ ಇರುವ ಡೈರೆಕ್ಟರಿಯ ಐನೋಡ್ ಸಂಖ್ಯೆಯೇ ಕೀಗೆ ಆಧಾರ. ಕಾಯಬೇಕಾದದ್ದು ಆ ಡೈರೆಕ್ಟರಿಯನ್ನೇ ಆದ್ದರಿಂದ ಈ ಆಯ್ಕೆ ನನಗೆ ಸರಿ ಕಾಣುತ್ತದೆ.

ಓರೆಗೆರೆಯ ಒಪ್ಪಂದ

ಸಂಖ್ಯೆಯ ಬದಲು ನಿಜವಾದ ಹೆಸರು ಬಂದದ್ದು 1993ರಲ್ಲಿ. ಯುನಿಕ್ಸ್ ಬಗೆಯ ವ್ಯವಸ್ಥೆಗಳೆಲ್ಲ ಒಪ್ಪಿ ನಡೆಯಬೇಕಾದ ಪೋಸಿಕ್ಸ್ ಮಾನದಂಡಕ್ಕೆ ಆ ವರ್ಷ ರಿಯಲ್ ಟೈಮ್ ವಿಸ್ತರಣೆ ಸೇರಿತು. ಅದರಲ್ಲಿ ಎಸ್‌ಎಚ್‌ಎಂ ಓಪನ್ ಎಂಬ ಕರೆ ಇದೆ. ಫೈಲ್ ತೆರೆಯುವ ಕರೆಯನ್ನೇ ಹೋಲುತ್ತದೆ: ಹೆಸರು ಕೊಡಿ, ಅನುಮತಿ ಹೇಳಿ, ಒಂದು ಫೈಲ್ ಡಿಸ್ಕ್ರಿಪ್ಟರ್ ಪಡೆಯಿರಿ. ಡಿಸ್ಕ್ರಿಪ್ಟರ್ ಎಂದರೆ ತೆರೆದ ಫೈಲಿಗೆ ಪ್ರೋಸೆಸ್ ಕೈಯಲ್ಲಿರುವ ಟೋಕನ್. ಕೆಲಸ ಮುಗಿದಾಗ ಹೆಸರನ್ನು ಅಳಿಸಲು ಇನ್ನೊಂದು ಕರೆ. ಥಾಂಪ್ಸನ್ ಮತ್ತು ರಿಚಿಯವರ ಹಳೆಯ ವಿವೇಕ ಇಲ್ಲಿ ಮರಳಿ ಬಂತು: ಹೆಸರು ಅಳಿಸಿದರೂ ಬಳಸುತ್ತಿರುವವರಿಗೆ ಮೆಮೊರಿ ಉಳಿಯುತ್ತದೆ.

ಆದರೆ ಹೆಸರು ಹೇಗಿರಬೇಕು ಎಂಬಲ್ಲಿ ಮಾನದಂಡ ಅರ್ಧಕ್ಕೆ ನಿಂತಿತು. ಹೆಸರು ಓರೆಗೆರೆಯಿಂದ (/) ಶುರುವಾದರೆ, ಅದೇ ಹೆಸರು ಹೇಳಿದವರಿಗೆಲ್ಲ ಅದೇ ವಸ್ತು ಸಿಗಬೇಕು. ಓರೆಗೆರೆಯಿಂದ ಶುರುವಾಗದಿದ್ದರೆ ಏನಾಗುತ್ತದೆ ಎಂಬುದು ಆಯಾ ವ್ಯವಸ್ಥೆಗೆ ಬಿಟ್ಟದ್ದು. ನಡುವೆ ಇನ್ನೊಂದು ಓರೆಗೆರೆ ಬಂದರೆ ಅದರ ಅರ್ಥವೂ ಅವರವರಿಗೆ ಬಿಟ್ಟದ್ದು. ಆ ಹೆಸರು ಫೈಲುಗಳ ನಡುವೆ ಕಾಣಬೇಕೋ ಬೇಡವೋ ಎಂಬುದನ್ನೂ ಹೇಳಲಿಲ್ಲ. ಇದು ಅಜಾಗ್ರತೆಯಲ್ಲ. ರಿಯಲ್ ಟೈಮ್ ಯಂತ್ರಗಳೆಂದರೆ ಕಾರ್ಖಾನೆಯ, ವಿಮಾನದ ಒಳಗೆ ಕೂರುವಂಥವು. ಅವುಗಳಲ್ಲಿ ಅನೇಕಕ್ಕೆ ಡಿಸ್ಕೇ ಇಲ್ಲ, ಫೈಲ್ ವ್ಯವಸ್ಥೆಯೇ ಇಲ್ಲ. ಫೈಲ್ ಹೆಸರೇ ಆಗಬೇಕೆಂದು ಪಟ್ಟುಹಿಡಿದಿದ್ದರೆ ಯಾರಿಗಾಗಿ ಮಾನದಂಡ ಬರೆದರೋ ಅವರೇ ಹೊರಗುಳಿಯುತ್ತಿದ್ದರು.

ಆ ಸಡಿಲಿಕೆಯ ಫಲವಾಗಿ ನನ್ನ ‘/ಕೊಡ’ ಎಂಬ ಒಂದೇ ಹೆಸರು ಊರಿಗೊಂದು ರೂಪ ತಾಳುತ್ತದೆ. ಲಿನಕ್ಸ್‌ನಲ್ಲಿ ಅದು ‘/ಡೆವ್/ಎಸ್‌ಎಚ್‌ಎಂ’ ಡೈರೆಕ್ಟರಿಯೊಳಗಿನ ಒಂದು ಫೈಲ್. ಆ ಡೈರೆಕ್ಟರಿ ಇರುವುದು ಮೆಮೊರಿಯಲ್ಲಿ, ಡಿಸ್ಕಿನಲ್ಲಲ್ಲ. ಯುನಿಕ್ಸ್ ಬಗೆಯ ಇನ್ನೊಂದು ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯಲ್ಲಿ ನಾವು ಕೊಟ್ಟ ಹೆಸರನ್ನು ಎಸ್‌ಎಚ್‌ಎ 256 ಎಂಬ ಗಣಿತದ ಗಾಣಕ್ಕೆ ಹಾಕಿ, ಹೊರಬಂದ 64 ಅಕ್ಷರದ ಗುರುತನ್ನು ತಾತ್ಕಾಲಿಕ ಫೈಲುಗಳ ಡೈರೆಕ್ಟರಿಯಲ್ಲಿ ಇಡುತ್ತಾರೆ. ಓರೆಗೆರೆ ಎಲ್ಲಿದ್ದರೂ, ಹೆಸರು ಎಷ್ಟು ಉದ್ದವಿದ್ದರೂ ಗಾಣದಿಂದ ಬರುವುದು ಅಷ್ಟೇ ಉದ್ದ. ಮಾನದಂಡ ಬಿಟ್ಟ ಪ್ರಶ್ನೆಗಳೇ ಏಳದಂತೆ ಮಾಡಿದ ಈ ಉಪಾಯ ನನಗೆ ತುಂಬ ಹಿಡಿಸಿದೆ. ಫ್ರೀಬಿಎಸ್‌ಡಿಯಲ್ಲಿ ಮೊದಲು ಅದು ನಿಜವಾದ ಫೈಲೇ ಆಗಿತ್ತು. ‘/ಕೊಡ’ ಎಂದರೆ ಫೈಲ್ ಮರದ ಬೇರಿನಲ್ಲಿ ಕೊಡ ಎಂಬ ಫೈಲ್ ಮಾಡು ಎಂದರ್ಥ, ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿ ಇಲ್ಲ. 8.0 ಆವೃತ್ತಿಯಲ್ಲಿ ಅವರು ಇದನ್ನು ಕರ್ನೆಲ್‌ನೊಳಗಿನ ಬೇರೆಯೇ ಹೆಸರುಪಟ್ಟಿಗೆ ಸಾಗಿಸಿದರು. ಮ್ಯಾಕ್ ಓಎಸ್‌ನಲ್ಲಿ ಹೆಸರಿಗೆ 31 ಬೈಟಿನ ಮಿತಿ.

ಯುನಿಕ್ಸ್ ಕಲಿತ ಒಂದಿಡೀ ತಲೆಮಾರಿಗೆ ಗುರುವಾಗಿದ್ದ ರಿಚರ್ಡ್ ಸ್ಟೀವನ್ಸ್ ಪ್ರೋಸೆಸ್‌ಗಳ ಮಾತುಕತೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಎಲ್ಲ ವ್ಯವಸ್ಥೆಗೂ ಹೊಂದುವ ಹೆಸರನ್ನು ಕಟ್ಟಿಕೊಡಲೆಂದೇ ಒಂದು ಪುಟ್ಟ ಫಂಕ್ಷನ್ ಬರೆಯಬೇಕಾಯಿತು. ಮಾನದಂಡವೊಂದು ಬಂದ ಮೇಲೂ ಹೆಸರಿಡಲು ಪ್ರತ್ಯೇಕ ಕೆಲಸದಾಳು ಬೇಕಾದದ್ದು ವಿಷಾದದ ಸಂಗತಿ.

ಇನ್ನು ಆ 14ಕ್ಕೆ ಬರೋಣ. ಹಳೆಯ ಡೈರೆಕ್ಟರಿ ಸಾಲಿನ 14 ಬೈಟ್ ಹಾಗೆಯೇ ಉಳಿದು ಪೋಸಿಕ್ಸ್‌ನ ಖಾತ್ರಿಯಾಯಿತು: ಯಾವುದೇ ವ್ಯವಸ್ಥೆ ಕನಿಷ್ಠ 14 ಬೈಟಿನ ಫೈಲ್ ಹೆಸರನ್ನಾದರೂ ಒಪ್ಪಬೇಕು. ಪೈಥಾನ್ ಭಾಷೆಗೆ 2019ರಲ್ಲಿ, 3.8 ಆವೃತ್ತಿಯೊಂದಿಗೆ ಶೇರ್ಡ್ ಮೆಮೊರಿ ಸೌಲಭ್ಯ ಬಂತು. ನೀವು ಹೆಸರು ಕೊಡದಿದ್ದರೆ ಅದೇ ಒಂದು ಹೆಸರು ಕಟ್ಟುತ್ತದೆ: ಐದು ಅಕ್ಷರದ ಮುಂಭಾಗ, ಹಿಂದೆ ಎಂಟು ಯಾದೃಚ್ಛಿಕ ಅಕ್ಷರ, ಒಟ್ಟು 13. ಬಿಎಸ್‌ಡಿ ಬಳಗದಲ್ಲಿ ಎಲ್ಲಾದರೂ 14ರ ಮಿತಿ ಇದ್ದೀತು ಎಂಬ ಎಚ್ಚರಿಕೆಯಿಂದ ಹೀಗೆ ಮಾಡಿದ್ದಾರೆ. 1970ರ ದಶಕದ ಯಂತ್ರಕ್ಕೆ ಅಳತೆ ಮಾಡಿ ಹೊಲಿದ ಅಂಗಿಯನ್ನು ನಾವು ಇನ್ನೂ ತೊಟ್ಟಿದ್ದೇವೆ.

ಈ ಅಂಗಿ ಕನ್ನಡಕ್ಕೆ ಸಾಲದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯಂತ್ರಕ್ಕೆ ಅದು ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತ. ಐದು ಮೂರಲ 15. ನಮ್ಮ ನುಡಿಯ ಹೆಸರೇ ಒಂದೇ ಒಂದು ಬೈಟಿನಿಂದ ಆ ಚೌಕಟ್ಟಿನಾಚೆ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಈ ಬಾಧೆ ಇಲ್ಲ, 80ಕ್ಕೂ ಹೆಚ್ಚು ಕನ್ನಡ ಸಂಕೇತ ಹಿಡಿಯುತ್ತವೆ. ಆದರೆ ಎಲ್ಲ ಕಡೆ ಓಡಬೇಕಾದ ಪ್ರೋಗ್ರಾಂ ಬರೆಯುವವರು ಲಿನಕ್ಸ್ ಒಂದನ್ನೇ ನೋಡಿ ಕೂರುವಂತಿಲ್ಲ.

ನನ್ನ ಎರಡು ಕೊಡಗಳ ಗುಟ್ಟು ಕೂಡ ಬೈಟುಗಳಲ್ಲೇ ಇತ್ತು. ಯೂನಿಕೋಡ್‌ನಲ್ಲಿ ‘ಕೊ’ ಬರೆಯಲು ಎರಡು ದಾರಿ ಇವೆ. ಕ ಬರೆದು ಒತ್ವದ ಒಂದೇ ಸಂಕೇತ ಹಾಕಬಹುದು. ಅಥವಾ ಕ ಬರೆದು, ಎತ್ವದ ಸಂಕೇತ, ಅದರ ಮುಂದೆ ಕೊಂಬಿನ ಇಳಿಯ ಸಂಕೇತ ಹೀಗೆ ಎರಡನ್ನು ಹಾಕಬಹುದು. ಎರಡೂ ಸಮ ಎಂದು ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೆ ಎರಡೂ ಒಂದೇ ಥರ ಮೂಡುತ್ತವೆ. ಮೊದಲ ಪ್ರೋಗ್ರಾಮಿನ ಹೆಸರನ್ನು ಕೀಲಿಮಣೆಯಲ್ಲಿ ಒತ್ತಿದ್ದೆ, ಅದು 9 ಬೈಟ್. ಎರಡನೆಯದರಲ್ಲಿ ಬೇರೊಂದು ಹಳೆಯ ಕಡತದಿಂದ ನಕಲು ಮಾಡಿ ಅಂಟಿಸಿದ್ದೆ, ಅದು 12 ಬೈಟ್. ಕರ್ನೆಲ್‌ಗೆ ಕನ್ನಡ ಗೊತ್ತಿಲ್ಲ, ಬೈಟುಗಳನ್ನು ಹೋಲಿಸುವುದಷ್ಟೇ ಗೊತ್ತು. ಅದರ ಪಾಲಿಗೆ ಇವು ರಾಮ ಮತ್ತು ಭೀಮನಷ್ಟು ಬೇರೆ. ಎರಡನೆಯ ಪ್ರೋಗ್ರಾಮಿಗೆ ‘ಇಲ್ಲದಿದ್ದರೆ ಹೊಸದು ಮಾಡಿಕೋ’ ಎಂದೂ ಹೇಳಿದ್ದೆನಾದ್ದರಿಂದ ಅದು ದೂರು ಹೇಳದೆ ತನ್ನದೇ ಕೊಡ ಮಾಡಿಕೊಂಡು, ಅದರಲ್ಲಿದ್ದ ಸೊನ್ನೆಗಳನ್ನು ಓದಿತು. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಮೂಡಿಸಲು ನಾವು ನಡುವೆ ಸೇರಿಸುವ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಸಂಕೇತವೂ ಇಂಥದೇ ಪೇಚು ತರುತ್ತದೆ. ಕನ್ನಡದಲ್ಲಿ ಹೆಸರಿಡುವವರು ಅದನ್ನು ಬಳಸುವ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಆ ಶ್ರಮ ಬೇಡವೆಂದು ಕನ್ನಡದ ಹೆಸರನ್ನೇ ಬಿಡಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಊಹಿಸಬಲ್ಲ ಹೆಸರು

ಹೆಸರು ಗೊತ್ತಿದ್ದವರೆಲ್ಲ ಬರಬಹುದು ಎಂದಾಗ ಬೇಡದವರೂ ಬರುತ್ತಾರೆ. ಕ್ಯೂಟಿ ಎಂಬ ಜನಪ್ರಿಯ ತಂತ್ರಾಂಶ ಚೌಕಟ್ಟು ಶೇರ್ಡ್ ಮೆಮೊರಿಗೆ ಹೆಸರಿಡುವಾಗ ಬಹಳ ಜಾಗ್ರತೆ ತೋರಿತ್ತು. ಬಳಕೆದಾರ ಕೊಟ್ಟ ಹೆಸರಿನಿಂದ ಎಸ್‌ಎಚ್‌ಎ 1 ಗುರುತು ತೆಗೆದು, ಆ ಹೆಸರಿನ ಫೈಲ್ ಮಾಡಿ, ಆ ಫೈಲಿನಿಂದ ಎಫ್‌ಟಾಕ್ ಮೂಲಕ ಕೀ ಪಡೆಯುವುದು: ಮೂರು ಮೆಟ್ಟಿಲು. ಆದರೆ ಹಾಗೆ ಮಾಡಿದ ಮೆಮೊರಿಯನ್ನು ಆ ಯಂತ್ರದ ಯಾವ ಬಳಕೆದಾರ ಬೇಕಾದರೂ ಓದುವ, ಬರೆಯುವ ಅನುಮತಿಯೊಂದಿಗೆ ತೆರೆದಿಟ್ಟಿತ್ತು. 2013ರಲ್ಲಿ ಇದು ಭದ್ರತಾ ಲೋಪವೆಂದು ದಾಖಲಾಗಿ ಸರಿಹೋಯಿತು. ಹೆಸರನ್ನು ಎಷ್ಟು ಬಚ್ಚಿಟ್ಟರೂ ಬಾಗಿಲಿಗೆ ಚಿಲಕವಿಲ್ಲದಿದ್ದರೆ ಪ್ರಯೋಜನವಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಮತ್ತೆ ಪೋಸ್ಟ್‌ಗ್ರೆಸ್‌ನದು. ಬೇಕೆಂದಾಗ ಪಡೆಯುವ ಸಣ್ಣ ತುಣುಕುಗಳಿಗೆ ಅದು ತನ್ನ ಹೆಸರಿನ ಮುಂದೆ ಒಂದು ಯಾದೃಚ್ಛಿಕ ಸಂಖ್ಯೆ ಅಂಟಿಸುತ್ತಿತ್ತು. ಯಾದೃಚ್ಛಿಕ ಸಂಖ್ಯೆ ಕೊಡುವ ಸೌಲಭ್ಯಕ್ಕೆ ಮೊದಲು ಒಂದು ಬೀಜ ಕೊಡಬೇಕು. ಕೊಡದಿದ್ದರೆ ಅದು ಪ್ರತಿ ಸಲವೂ ಅದೇ ಸರಣಿಯನ್ನು ಒಪ್ಪಿಸುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಯಲ್ಲಿ ಬೀಜ ಕೊಡದೆ ಕೇಳಿದರೆ ಬರುವ ಮೊದಲ ಸಂಖ್ಯೆ 1804289383. ಒಂದು ಕಾಲದ ಪೋಸ್ಟ್‌ಗ್ರೆಸ್ ಆವೃತ್ತಿಗಳ ದೋಷ ಸಂದೇಶಗಳಲ್ಲಿ ಎಲ್ಲೆಲ್ಲೂ ಇದೇ ಸಂಖ್ಯೆ ಕಾಣುತ್ತಿತ್ತು. ಬೇರೆ ಬೇರೆ ದೇಶದ, ಬೇರೆ ಬೇರೆ ಯಂತ್ರದ ಸರ್ವರುಗಳು ತಮ್ಮ ಚೊಚ್ಚಲ ಕೂಸಿಗೆ ಒಂದೇ ಹೆಸರಿಟ್ಟಿದ್ದವು. ಆ ಹೆಸರು ಮೊದಲೇ ಇದ್ದರೆ ಬೇರೆಯದನ್ನು ಆರಿಸುವ ಏರ್ಪಾಡು ಇದ್ದದ್ದರಿಂದ ಕೆಲಸ ನಡೆಯುತ್ತಿತ್ತು. ‘ಈ ಹೆಸರು ಈಗಾಗಲೇ ಇದ್ದರೆ ಮಾಡಬೇಡ, ನನಗೆ ತಿಳಿಸು’ ಎಂದು ಕೇಳುವ ಆ ಏರ್ಪಾಡನ್ನು ಶೇರ್ಡ್ ಮೆಮೊರಿ ಬಳಸುವ ಪ್ರತಿಯೊಬ್ಬರೂ ರೂಢಿಸಿಕೊಳ್ಳಬೇಕು. ಆ ರಾತ್ರಿ ನಾನು ಅದನ್ನು ಮರೆತಿದ್ದೆ.

ಹೆಸರಿನ ವಾರಸುದಾರಿಕೆಯೂ ಒಂದು ತಲೆನೋವು. ಲಿನಕ್ಸ್‌ನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಒಬ್ಬ ಬಳಕೆದಾರ ಲಾಗೌಟ್ ಆದೊಡನೆ ಅವನ ಹೆಸರಿನಲ್ಲಿರುವ ಶೇರ್ಡ್ ಮೆಮೊರಿಯನ್ನೆಲ್ಲ ಗುಡಿಸಿಹಾಕುವ ಏರ್ಪಾಡು ಹೊಂದಿದೆ. ಅನಾಥ ತುಣುಕುಗಳಿಗೆ ಇದು ಮದ್ದು. ಆದರೆ ಸಾಮಾನ್ಯ ಬಳಕೆದಾರನ ಖಾತೆಯಲ್ಲಿ ಓಡುತ್ತಿರುವ ಡೇಟಾಬೇಸಿನ ಕಾಲಡಿಯ ನೆಲವನ್ನೇ ಇದು ಎಳೆಯಬಲ್ಲದು ಎಂದು ಪೋಸ್ಟ್‌ಗ್ರೆಸ್ ಕೈಪಿಡಿ ಎಚ್ಚರಿಸುತ್ತದೆ. ಹೆಸರಿನ ಆಯಸ್ಸು ಯಾರ ಆಯಸ್ಸಿಗೆ ಕಟ್ಟಿದೆ ಎಂದು ಯಾರೂ ಸ್ಪಷ್ಟವಾಗಿ ಬರೆದಿಡದಿದ್ದರೆ ಹೀಗಾಗುತ್ತದೆ.

ಕೈಯಿಂದ ಕೈಗೆ

ಇಷ್ಟೆಲ್ಲ ಪಾಡುಪಟ್ಟ ಮೇಲೆ ಅನುಭವಸ್ಥರು ಒಂದು ಚಾಳಿ ಕಲಿತರು. ಯಾದೃಚ್ಛಿಕ ಹೆಸರಿನಲ್ಲಿ ತುಣುಕು ಮಾಡು, ಮರುಕ್ಷಣವೇ ಹೆಸರನ್ನು ಅಳಿಸು, ಉಳಿದ ಡಿಸ್ಕ್ರಿಪ್ಟರನ್ನು ಬೇಕಾದವರ ಕೈಗೆ ನೇರವಾಗಿ ಕೊಡು. ಒಂದು ಪ್ರೋಸೆಸ್ ತಾನು ತೆರೆದ ಫೈಲಿನ ಟೋಕನ್ನನ್ನು ಪ್ರೋಸೆಸ್‌ಗಳು ಮಾತಾಡಿಕೊಳ್ಳುವ ಕೊಳವೆಯಾದ ಯುನಿಕ್ಸ್ ಸಾಕೆಟ್ ಮೂಲಕ ಇನ್ನೊಂದಕ್ಕೆ ದಾಟಿಸಬಹುದು. ಹೆಸರು ಬದುಕುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಊಹಿಸಿ ಒಳನುಗ್ಗಲು ಯಾರಿಗೂ ಏನೂ ಉಳಿಯುವುದಿಲ್ಲ. ಕೊನೆಯವರು ಮುಚ್ಚಿದಾಗ ಮೆಮೊರಿ ತಾನಾಗಿ ಹೋಗುತ್ತದೆ, ಅನಾಥವಾಗುವುದಿಲ್ಲ.

ಇದನ್ನು ಯೋಚಿಸುವಾಗ ನನಗೆ ಒಂದು ಇಸವಿ ಕಾಡುತ್ತದೆ. ಟೋಕನ್ ದಾಟಿಸುವ ಈ ಸೌಲಭ್ಯ ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ತಯಾರಾದ ಯುನಿಕ್ಸ್ ರೂಪವಾದ 4.2 ಬಿಎಸ್‌ಡಿಯಲ್ಲಿ, 1983ರಲ್ಲಿ. ಎಟಿ ಅಂಡ್ ಟಿ ಸಂಖ್ಯೆಗಳ ಶೇರ್ಡ್ ಮೆಮೊರಿಯನ್ನು ಹೊರತಂದದ್ದೂ ಅದೇ ವರ್ಷ. ಎಮ್‌ಮ್ಯಾಪ್ ಎಂಬ, ಫೈಲನ್ನು ಮೆಮೊರಿಗೆ ಹೊಂದಿಸುವ ಕರೆಯ ವಿವರಣೆಯೂ 4.2 ಬಿಎಸ್‌ಡಿಯ ದಾಖಲೆಗಳಲ್ಲಿತ್ತು, ಆದರೆ ಅದನ್ನು ಬರೆದು ಮುಗಿಸಿರಲಿಲ್ಲ. ಮೆಮೊರಿ ಒಂದು ಫೈಲಿನಂತಿರಬೇಕು, ಅದರ ಟೋಕನ್ ಕೈಯಿಂದ ಕೈಗೆ ಹೋಗಬೇಕು ಎಂಬ ಎರಡು ಬೇಳೆಗಳೂ ಒಂದೇ ಮನೆಯಲ್ಲಿದ್ದವು. ಅವು ಕೂಡಿ ಬೇಯಲು ಮೂವತ್ತು ವರ್ಷ ಹಿಡಿಯಿತು.

2014ರ ಅಕ್ಟೋಬರಿನಲ್ಲಿ ಬಂದ ಲಿನಕ್ಸ್ 3.17 ಕರ್ನೆಲ್‌ನಲ್ಲಿ ಡೇವಿಡ್ ಹೆರ್ಮನ್ ಬರೆದ ಮೆಮ್‌ಎಫ್‌ಡಿ ಎಂಬ ಕರೆ ಸೇರಿತು. ಅದು ಯಾವ ಡೈರೆಕ್ಟರಿಯಲ್ಲೂ ನೋಂದಾಯಿಸದ ಮೆಮೊರಿ ಫೈಲೊಂದನ್ನು ಮಾಡಿ ಅದರ ಡಿಸ್ಕ್ರಿಪ್ಟರನ್ನು ಕೊಡುತ್ತದೆ. ಅದಕ್ಕೂ ಒಂದು ಹೆಸರು ಕೊಡಬೇಕು, 249 ಬೈಟ್‌ವರೆಗೆ. ಆದರೆ ಆ ಹೆಸರು ಹುಡುಕಲಿಕ್ಕಲ್ಲ. ತಪ್ಪು ಹುಡುಕುವ ಪ್ರೋಗ್ರಾಮರ್ ನೋಡಿದಾಗ ಇದು ಯಾವುದೆಂದು ತಿಳಿಯಲಿಕ್ಕೆ ಅಂಟಿಸಿದ ಚೀಟಿ, ಅಷ್ಟೇ. ಹತ್ತು ತುಣುಕಿಗೆ ಒಂದೇ ಹೆಸರಿಟ್ಟರೂ ತಕರಾರಿಲ್ಲ.

ಜೊತೆಗೆ ಮುದ್ರೆ ಒತ್ತುವ ಸೌಲಭ್ಯವೂ ಬಂತು. ನೀವು ಕೊಟ್ಟ ಮೆಮೊರಿಯನ್ನು ನಾನು ಓದುತ್ತಿರುವಾಗ ನೀವು ಅದರ ಉದ್ದ ಕಡಿಮೆ ಮಾಡಿದರೆ, ಇಲ್ಲದ ಜಾಗ ಮುಟ್ಟಿದ ತಪ್ಪಿಗೆ ಕರ್ನೆಲ್ ನನ್ನನ್ನು ಕೊಲ್ಲುತ್ತದೆ. ‘ಇನ್ನು ಇದರ ಗಾತ್ರ ಕುಗ್ಗದು’, ‘ಇನ್ನು ಇದರಲ್ಲಿ ಯಾರೂ ಬರೆಯಲಾರರು’ ಎಂದು ಮೊದಲೇ ಮುದ್ರೆ ಒತ್ತಿ ಕೊಟ್ಟರೆ ಪರಿಚಯವಿಲ್ಲದವರ ಕೈಯಿಂದಲೂ ಧೈರ್ಯವಾಗಿ ಪಡೆಯಬಹುದು. ಇಂದು ಬಹಳಷ್ಟು ಲಿನಕ್ಸ್ ಡೆಸ್ಕ್‌ಟಾಪ್‌ಗಳ ಪರದೆ ನೋಡಿಕೊಳ್ಳುವ ವೇಲ್ಯಾಂಡ್‌ನಲ್ಲಿ ಪ್ರೋಗ್ರಾಂಗಳು ತಮ್ಮ ಕಿಟಕಿಯ ಚಿತ್ರವನ್ನು ಶೇರ್ಡ್ ಮೆಮೊರಿಯಲ್ಲಿ ಬರೆದು ಹೀಗೆ ಟೋಕನ್ ದಾಟಿಸಬಲ್ಲವು. ಆಂಡ್ರಾಯ್ಡ್ ಮೊದಲಿನಿಂದಲೂ ಸಿಸ್ಟಂ ಫೈವ್ ಪದ್ಧತಿಯನ್ನು ದೂರವಿಟ್ಟಿತು. ಸಿಕ್ಕ ಸಿಕ್ಕ ಆ್ಯಪ್‌ಗಳೆಲ್ಲ ಕೂಡಿರುವ ಫೋನಿನಲ್ಲಿ, ಮಾಡಿದವರು ಸತ್ತ ಮೇಲೂ ಉಳಿಯುವ ಮೆಮೊರಿ ತುಣುಕುಗಳು ಸೋರಿಕೆಗೆ ದಾರಿ ಎಂಬುದು ಕಾರಣ. ಅದು ಆ್ಯಶ್‌ಮೆಮ್ ಎಂಬ ತನ್ನದೇ ಏರ್ಪಾಡು ಮಾಡಿಕೊಂಡು, ಡಿಸ್ಕ್ರಿಪ್ಟರುಗಳನ್ನು ಕೈಯಿಂದ ಕೈಗೆ ಕೊಡುವ ದಾರಿ ಹಿಡಿಯಿತು.

ಹಾಗೆಂದು ಹೆಸರಿನ ಕಾಲ ಮುಗಿಯಿತೆಂದಲ್ಲ. ಟೋಕನ್ ಕೊಡಬೇಕಾದರೂ ಇಬ್ಬರೂ ಮೊದಲು ಒಂದು ಸಾಕೆಟ್‌ನಲ್ಲಿ ಭೇಟಿಯಾಗಬೇಕು, ಆ ಸಾಕೆಟ್‌ಗೆ ಒಂದು ಹೆಸರು ಬೇಕು. ಸರ್ವರ್ ಬಿದ್ದು ಎದ್ದ ಮೇಲೂ ಹಿಂದಿನ ಮೆಮೊರಿಯನ್ನೇ ಹುಡುಕಿ ಮುಂದುವರಿಯಬೇಕಾದ ಕೆಲಸಗಳಿಗೆ ಅಳಿಯದ ಹೆಸರೇ ಬೇಕು. ಅಂಥಲ್ಲಿ ನಾನು ಈಗಲೂ ಎಸ್‌ಎಚ್‌ಎಂ ಓಪನ್ ಬಳಸುತ್ತೇನೆ. ಮೊದಲಲ್ಲಿ ಒಂದೇ ಓರೆಗೆರೆ, ಚಿಕ್ಕ ಹೆಸರು, ನನ್ನೊಬ್ಬನಿಗೇ ಅನುಮತಿ, ಮೊದಲೇ ಇದ್ದರೆ ಹೇಳು ಎಂಬ ಷರತ್ತು.

ಆ ರಾತ್ರಿ ಗುಟ್ಟು ತಿಳಿದ ಮೇಲೆ ಅಳಿಸಲು ಕೂತೆ. ಕೀಲಿಮಣೆಯಲ್ಲಿ ‘ಕೊಡ’ ಎಂದು ಒತ್ತಿ ಅಳಿಸು ಎಂದೆ. ಪಟ್ಟಿ ತೆಗೆದರೆ ಇನ್ನೂ ಒಂದು ‘ಕೊಡ’ ಇತ್ತು. ಮತ್ತೆ ಅದೇ ಆಜ್ಞೆ ಕೊಟ್ಟೆ. ಅಂಥ ಫೈಲ್ ಇಲ್ಲ ಎಂಬ ಉತ್ತರ ಬಂತು. ಕಣ್ಣೆದುರಿಗಿದ್ದದ್ದನ್ನು ಹೆಸರು ಹಿಡಿದು ಕರೆಯಲಾಗದೆ, ಅದರ ಐನೋಡ್ ಸಂಖ್ಯೆ ಕೇಳಿ ತಿಳಿದು, ಆ ಸಂಖ್ಯೆಯ ಫೈಲನ್ನು ಹುಡುಕಿ ಅಳಿಸು ಎಂದು ಬರೆದೆ. ಡೈರೆಕ್ಟರಿ ಬರಿದಾಯಿತು. ಪಕ್ಕದ ಕಿಟಕಿಯಲ್ಲಿ ಮೊದಲ ಪ್ರೋಗ್ರಾಂ ಇನ್ನೂ ಓಡುತ್ತಲೇ ಇತ್ತು, ಬರೆದ ಸಾಲನ್ನು ಸೆಕೆಂಡಿಗೊಮ್ಮೆ ತಾನೇ ಓದಿ ಪರದೆಗೆ ಹಾಕುತ್ತಿತ್ತು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಅದನ್ನೂ ನಿಲ್ಲಿಸಿದೆ.